ಮುರಿದ ಕಾಲೊಂದನ್ನು ಕೂಡಿಸಿ, ನೆಟ್ಟಗಿದ್ದ ಕಾಲೊಂದಕ್ಕೆ ಊತ ಕೊಟ್ಟದ್ದು

ಏಪ್ರಿಲ್ ಕೊನೆಯಲ್ಲಿ ನ್ಯೂಜೆರ್ಸಿಯಿಂದ ರಜೆಗೆ ಬಂದ ನಮ್ಮ ಭಾವ, ಬಾದಾಮಿ ಚಾಕೊಲೇಟುಗಳ ಚೀಲವನ್ನು ಅಮ್ಮನ ಕೈಗೆ ಕೊಟ್ಟ ಮೇಲೆ, ನನಗೆಂದು ಒಂದು ಹಳೆಯ ಷೂ ಡಬ್ಬಿಯನ್ನು ಬೇರೆಯಾಗಿ ತೆಗೆದಿಟ್ಟರು. ಟವೆಲಿನಲ್ಲಿ ಸುತ್ತಿದ ಕುದುರೆಯ ಮಾದರಿಯೊಂದು ಅದರಲ್ಲಿತ್ತು. ಬಲ ಹಿಂಗಾಲು ಕೀಲಿನ ಕೆಳಗೆ ತುಂಡಾಗಿ, ಗೊರಸಿನ ಸಮೇತ ಬೇರೊಂದು ಪ್ಲಾಸ್ಟಿಕ್ ಚೀಲದಲ್ಲಿತ್ತು. ಎಡ ಮುಂಗಾಲು ಶಾಖಕ್ಕೆ ಒಳಗೆ ಬಾಗಿತ್ತು. ಒಂದು ಕಿವಿಯ ತುದಿ ಇರಲಿಲ್ಲ. ಬೆನ್ನಿನ ಬಣ್ಣ ಯಾರೋ ಮಕ್ಕಳ ಕೈಯಲ್ಲಿ ವರ್ಷಗಟ್ಟಲೆ ಸವೆದು, ಕೆಳಗಿನ ಬಿಳಿ ಕಾಣುತ್ತಿತ್ತು. ಯಾರದೋ ಮನೆಯಂಗಳದ ಹಳೆ ಸಾಮಾನಿನ ಮಾರಾಟದಲ್ಲಿ, ಇನ್ನೇನನ್ನೋ ಕೊಳ್ಳುವಾಗ ಇದು ಕೊಸರಾಗಿ ಸಿಕ್ಕಿತಂತೆ. ಹೀಗೆ ಸಂಗ್ರಹಕ್ಕೆ ಯೋಗ್ಯವಲ್ಲದ, ಆದರೆ ಕೆತ್ತಿ ಬಳಿದು ಹೊಸದಾಗಿಸಬಹುದಾದ ಮಾದರಿಗೆ ಕುದುರೆ ಮಾದರಿಗಳ ಈ ಹವ್ಯಾಸದವರು 'ಬಾಡಿ' ಎನ್ನುತ್ತಾರೆ. ಒಳ್ಳೆಯ ಸ್ಥಿತಿಯ ಹಳೆಯ ಮಾದರಿಯನ್ನು ಗರಗಸಕ್ಕೆ ಒಡ್ಡಲು ನನಗೆ ಕೈ ಬರುವುದಿಲ್ಲ; ಇದಕ್ಕೆ ಆ ಅಂಜಿಕೆ ಬೇಕಿರಲಿಲ್ಲ.

ಕಂಪನಿಯ ಗುರುತಿಗಾಗಿ ಹೊಟ್ಟೆಯ ಕೆಳಗೆ ನೋಡುವ ಮೊದಲೇ, ಮುಖಕ್ಕೆ ಅಚ್ಚಿನಲ್ಲೇ ಕೂಡಿಕೊಂಡಿದ್ದ ಮುಖಪಟ್ಟಿಯಿಂದ ಇದು ಬ್ರೇಯರ್ ಕಂಪನಿಯ 'ಮ್ಯಾನ್ ಓ ವಾರ್' ಎಂದು ಗೊತ್ತಾಯಿತು. ಷಿಕಾಗೋದ ಈ ಕಂಪನಿ 1950ರಲ್ಲಿ ಒಂದು ಗಡಿಯಾರದ ಅಲಂಕಾರಕ್ಕೆಂದು ಮೊದಲ ಕುದುರೆಯನ್ನು ಎರಕ ಹೊಯ್ದು, ಗಡಿಯಾರಕ್ಕಿಂತ ಕುದುರೆಗೇ ಬೇಡಿಕೆ ಬಂದದ್ದರಿಂದ ಕುದುರೆಗಳತ್ತಲೇ ಹೊರಳಿತು. 1984ರಲ್ಲಿ ಅದು ನ್ಯೂಜೆರ್ಸಿಯ ರೀವ್ಸ್ ಇಂಟರ್‌ನ್ಯಾಷನಲ್ ಕೈಗೆ ಬಂತು. ಕ್ರಿಸ್ ಹೆಸ್ ರೂಪಿಸಿದ ಈ ಅಚ್ಚು 1967ರಿಂದ 1995ರವರೆಗೆ ನಡೆಯಿತು. ನಿಜವಾದ ಮ್ಯಾನ್ ಓ ವಾರ್ 1917ರಲ್ಲಿ ಹುಟ್ಟಿ 1947ರಲ್ಲಿ ತೀರಿಕೊಂಡ ಗಂಡು ಕುದುರೆ. 21 ಓಟಗಳಲ್ಲಿ ಸೋತದ್ದು ಒಂದೇ ಒಂದು. ಅದರ ಸಮಾಧಿಯೂ ಪ್ರತಿಮೆಯೂ ಇರುವ ಕೆಂಟಕಿ ಹಾರ್ಸ್ ಪಾರ್ಕ್‌ನಲ್ಲಿಯೇ 1990ರಿಂದ ಬ್ರೇಯರ್‌ಫೆಸ್ಟ್ ಎಂಬ ಮಾದರಿ ಕುದುರೆಗಳ ಜಾತ್ರೆ ಸೇರುತ್ತ ಬಂದಿದೆ. ನಾನು ಅಲ್ಲಿಗೆ ಹೋದವಳಲ್ಲ. ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯೇ ನನ್ನ ಕಾರ್ಖಾನೆ.

ಈ ಗಂಡು ಕುದುರೆಯನ್ನು ಗೌರಿಯನ್ನಾಗಿ ಮಾಡಬೇಕೆಂದು ಡಬ್ಬಿ ತೆರೆದ ದಿನವೇ ನಿಶ್ಚಯಿಸಿದೆ. ಗೌರಿ ಎಂಬುದು ಯಲಹಂಕದ ಆಚೆಗಿನ ಸವಾರಿ ಶಾಲೆಯಲ್ಲಿ ನಾನು ಆರು ವರ್ಷಗಳಿಂದ ವಾರಕ್ಕೆ ಮೂರು ಬೆಳಗ್ಗೆ ಮಾಲೀಸು ಮಾಡುತ್ತಿರುವ, 14 ವರ್ಷದ, ಥರೋಬ್ರೆಡ್ ಎಂಬ ರೇಸ್ ತಳಿಯ ಹೆಣ್ಣು ಕುದುರೆ. ಕುಣಿಗಲ್ಲಿನಲ್ಲಿ ಹುಟ್ಟಿ, ಬೆಂಗಳೂರು ಮೈಸೂರುಗಳಲ್ಲಿ ಓಡಿ, ಐದನೆಯ ವಯಸ್ಸಿಗೆ ಎಡ ಮುಂಗಾಲಿನ ಸ್ನಾಯುರಜ್ಜು ಹರಿದು ನಿವೃತ್ತಿಯಾಯಿತು. ಲಾಯದಲ್ಲಿ ಎಲ್ಲರೂ ಹೇಳುವ ಮಾತಿನಲ್ಲಿ, ಅದರ ಟೆಂಡನ್ 'ಬೋ' ಆಗಿದೆ: ಮಂಡಿಯ ಕೆಳಗೆ ಕಾಲಿನ ಹಿಂಬದಿ ನೇರ ಗೆರೆಯಾಗಿರುವ ಬದಲು ಬಿಲ್ಲಿನಂತೆ ಹೊರಗೆ ಉಬ್ಬಿದೆ. ಗಾಯ ಮಾಗಿ ವರ್ಷಗಳಾದವು, ಕುಂಟೂ ಇಲ್ಲ, ಮಕ್ಕಳನ್ನು ಹೊತ್ತು ನಿಧಾನವಾಗಿ ಸುತ್ತು ಹಾಕುತ್ತದೆ. ಆದರೆ ಉಬ್ಬು ಹೋಗುವಂಥದ್ದಲ್ಲ. ಆದ್ದರಿಂದ ಕೆಲಸದಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಭಾಗಗಳಿದ್ದವು. ಬಲ ಹಿಂಗಾಲನ್ನು ಎಂದೂ ಮುರಿದಿರಲಿಲ್ಲವೆಂಬಂತೆ ಕೂಡಿಸಬೇಕು. ಎಡ ಮುಂಗಾಲನ್ನು ಮೊದಲು ನೆಟ್ಟಗೆ ಮಾಡಿ, ಆಮೇಲೆ ಅದಕ್ಕೆ ಬೇಕೆಂದೇ ಪೆಟ್ಟಾದ ಆಕಾರವನ್ನು ಕೊಡಬೇಕು.

ಮೊದಲ ವಾರ ಮಾದರಿಯನ್ನು ಮುಟ್ಟಲಿಲ್ಲ, ಗೌರಿಯನ್ನು ಅಳೆದೆ. ಬ್ರೇಯರ್‌ನ ದೊಡ್ಡ ಮಾದರಿಗಳು 1:9 ಅಳತೆಯವು. ಗೌರಿ 15 ಹ್ಯಾಂಡ್ 3 ಇಂಚು (ಕುದುರೆಯ ಎತ್ತರ ಅಳೆಯುವ ಒಂದು ಹ್ಯಾಂಡ್ ಎಂದರೆ ನಾಲ್ಕು ಇಂಚು), ಅಂದರೆ 63 ಇಂಚು, ಸುಮಾರು 160 ಸೆಂಟಿಮೀಟರ್. ಒಂಬತ್ತರಿಂದ ಭಾಗಿಸಿದರೆ ಹೆಗಲಿನ ಎತ್ತರ 17.8 ಸೆಂ.ಮೀ. ಆಗಬೇಕು. ಟೈಲರ್ ಟೇಪಿನಿಂದ ಮಂಡಿಯ ಕೆಳಗಿನ ಕಾಲಿನ ಸುತ್ತಳತೆ ತೆಗೆದಾಗ ಬಲಗಾಲು 20 ಸೆಂ.ಮೀ., ಎಡಗಾಲು ಉಬ್ಬಿನ ಮೇಲೆ 22 ಸೆಂ.ಮೀ. ಬಂತು. ಉಬ್ಬಿನ ಉದ್ದ 13 ಸೆಂ.ಮೀ.; ಅದು ಹೊರಚಾಚಿದ್ದು ಹೆಚ್ಚೆಂದರೆ ಒಂದು ಸೆಂ.ಮೀ. ಮಾದರಿಗೆ ಇಳಿಸಿದರೆ 14 ಮಿಲಿಮೀಟರ್ ಉದ್ದದ, ಒಂದೇ ಒಂದು ಮಿಲಿಮೀಟರ್ ದಪ್ಪದ ಊತ. ಆರು ವರ್ಷ ಕೈಗೆ ಸಿಗುತ್ತಿದ್ದ ಆ ಗಡ್ಡೆ ಕಾಗದದ ಮೇಲೆ ಇಷ್ಟು ಸಣ್ಣದಾಗುತ್ತದೆಂದು ನಾನು ಎಣಿಸಿರಲಿಲ್ಲ.

ಮೇ ಮೊದಲ ಭಾನುವಾರ ಮಾದರಿಯನ್ನು ಪಾತ್ರೆ ತೊಳೆಯುವ ಸಾಬೂನಿನಲ್ಲಿ ತೊಳೆದು, ಮೂಗಿಗೆ ಹಿಡಿದು ನೋಡಿದೆ. ಈ ಮಾದರಿಗಳು ಸೆಲ್ಯುಲೋಸ್ ಅಸಿಟೇಟಿನವು. ಹಳೆಯ ಅಸಿಟೇಟು ಕೆಡತೊಡಗಿದರೆ ಅಸಿಟಿಕ್ ಆಮ್ಲ ಹೊರಬಿದ್ದು ವಿನೆಗರಿನ ವಾಸನೆ ಬರುತ್ತದೆ, ಮೈ ಕುಗ್ಗಿ ಸೊಟ್ಟಗಾಗುತ್ತದೆ, ಅಂಥದ್ದರ ಮೇಲೆ ಎಷ್ಟು ದುಡಿದರೂ ವ್ಯರ್ಥ. ಇದರಲ್ಲಿ ಸಾಬೂನಿನ ನಿಂಬೆ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಸಿಟೇಟು ಶಾಖಕ್ಕೆ ಮೆದುವಾಗುವ ಗುಣವೇ ಮುಂಗಾಲು ಬಾಗಲು ಕಾರಣ, ಅದನ್ನು ತಿದ್ದಲು ಇರುವ ಉಪಾಯವೂ ಅದೇ. ಟೊಳ್ಳು ದೇಹದೊಳಗಿನ ಗಾಳಿ ಕಾದು ಹಿಗ್ಗಿದರೆ ಎರಡು ಹೋಳುಗಳ ಬೆಸುಗೆ ಬಿಟ್ಟುಕೊಳ್ಳಬಹುದೆಂದು ಹೊಟ್ಟೆಯಡಿ ಸೂಜಿಗಾತ್ರದ ರಂಧ್ರವನ್ನು ಮೊದಲೇ ಕೊರೆದುಕೊಂಡೆ. ಕುದಿ ಇಳಿದ ಬಿಸಿನೀರಿನಲ್ಲಿ ಕಾಲನ್ನು ಮಾತ್ರ ಒಂದು ನಿಮಿಷ ಅದ್ದಿ, ಬೇಕಾದುದಕ್ಕಿಂತ ಕೂದಲೆಳೆಯಷ್ಟು ಹೆಚ್ಚೇ ಹೊರಗೆ ಬಾಗಿಸಿ, ತಣ್ಣೀರಿನ ಚೊಂಬಿಗೆ ಇಳಿಸಿದೆ. ತಣಿದ ಮೇಲೆ ಅದು ತುಸು ಹಿಂದಕ್ಕೆ ಮರಳುತ್ತದೆ. ಆ ಲೆಕ್ಕವನ್ನು ಮೊದಲೇ ಹಿಡಿಯಬೇಕು. ನಾಲ್ಕು ಬಾರಿ ಹೀಗೆ ಮಾಡಿದ ಮೇಲೆ ಕಾಲು ನೆಟ್ಟಗಾಯಿತು.

ಮುರಿದ ಹಿಂಗಾಲಿಗೆ ಬರೀ ಅಂಟು ಸಾಲದು. ಇಷ್ಟು ಭಾರದ ಮಾದರಿ ಒಂದು ಸಲ ಉರುಳಿದರೆ ಅದೇ ಜಾಗದಲ್ಲಿ ಮತ್ತೆ ಮುರಿಯುತ್ತದೆ. ಒಳಗೆ ಉಕ್ಕಿನ ಕಡ್ಡಿಯೊಂದು ಬೇಕು, ಅದಕ್ಕೆ ನಮ್ಮ ಬೀದಿಯ ಸೈಕಲ್ ಅಂಗಡಿಯ ಹಳೆಯ ಸ್ಪೋಕ್ ಕಡ್ಡಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ: ಎರಡು ಮಿಲಿಮೀಟರ್ ದಪ್ಪ, ಬಾಗದು, ಬೆಲೆ ಕೇಳಿದರೆ ಅಂಗಡಿಯವರು ನಗುತ್ತಾರೆ. ಮುರಿದ ಎರಡೂ ಮುಖಗಳ ನಡುವೆ ಸೂಜಿಯಿಂದ ಗುಳಿ ಮಾಡಿ, ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್ಲಿನಿಂದ ಮೊದಲು ಒಂದು ಮಿ.ಮೀ., ಆಮೇಲೆ ಎರಡು ಮಿ.ಮೀ. ರಂಧ್ರ ಕೊರೆದೆ. ವಿದ್ಯುತ್ ಡ್ರಿಲ್ ಇಲ್ಲಿ ಬೇಡವೇ ಬೇಡ. ಅದರ ಬಿಸಿಗೆ ಅಸಿಟೇಟು ಕರಗಿ ಬಿಟ್ಟಿಗೇ ಅಂಟಿಕೊಳ್ಳುತ್ತದೆ. ಗೊರಸಿನ ತುಂಡಿನೊಳಗೆ 12 ಮಿ.ಮೀ., ಮೇಲಿನ ಭಾಗದಲ್ಲಿ ಅಷ್ಟೇ ಆಳಕ್ಕೆ ಕಡ್ಡಿ ಹೋಗುವಂತೆ ಕತ್ತರಿಸಿಕೊಂಡು ಅರಾಲ್ಡೈಟ್ ಹಚ್ಚಿ ಕೂಡಿಸಿದೆ.

ಕೂಡಿಸಿದ ಮೇಲಿನ ಪ್ರಶ್ನೆಯೆಂದರೆ, ಅಂಟು ಗಟ್ಟಿಯಾಗುವ ತನಕ ಅಷ್ಟು ಹೊತ್ತು ಹಿಡಿದುಕೊಳ್ಳುವವರು ಯಾರು. ಹಿಡಿಕೆಗೆ ಸಿಕ್ಕಿಸಿದರೆ ದೇಹ ಜಾರುತ್ತದೆ, ಮಲಗಿಸಿದರೆ ಕಾಲು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕೊನೆಗೆ ಅಡುಗೆಮನೆಯ ರಾಗಿ ಡಬ್ಬಿಯ ನೆನಪಾಯಿತು. ದೊಡ್ಡ ಪಾತ್ರೆಗೆ ರಾಗಿ ಸುರಿದು, ಕುದುರೆಯನ್ನು ಬೆನ್ನಡಿ ಮಾಡಿ ಹೊಟ್ಟೆಯವರೆಗೆ ಹೂತು, ನಾಲ್ಕು ಕಾಲುಗಳನ್ನೂ ಆಕಾಶಕ್ಕೆ ನಿಲ್ಲಿಸಿದೆ. ರಾಗಿಯ ಸಣ್ಣ ಕಾಳು ಮೈಯ ಉಬ್ಬುತಗ್ಗುಗಳಿಗೆಲ್ಲ ಒತ್ತಿ ಕುಳಿತು, ಯಾವ ಹಿಡಿಕೆಯೂ ಹಿಡಿಯದಷ್ಟು ಭದ್ರವಾಗಿ ಹಿಡಿಯಿತು. ನಾಲ್ಕು ಗೊರಸುಗಳ ಮೇಲೆ ಒಂದು ಗಾಜಿನ ಹಲಗೆಯನ್ನಿಟ್ಟು, ಎಲ್ಲವೂ ಒಂದೇ ಮಟ್ಟದಲ್ಲಿ ಅದಕ್ಕೆ ತಾಗುವಂತೆ ಹೊಸ ಕಾಲನ್ನು ತಿರುಗಿಸಿ ಬಿಟ್ಟೆ. "ಸತ್ತ ಕುದುರೆ ಹಾಗೆ ಬಿದ್ದಿದೆಯಲ್ಲೇ ಇದು, ನಾಳೆ ಮುದ್ದೆ ಯಾವುದರಲ್ಲಿ ಮಾಡಲಿ?" ಎಂದು ಅಮ್ಮ ಕೇಳಿದರು. ಮಾರನೆಯ ದಿನ ಹಿಟ್ಟಿನ ಗಿರಣಿಗೆ ಹೋಗುವ ರಾಗಿ ಬೇರೆಯೆಂದು ನಂಬಿಸಲು ಸಾಕಾಯಿತು.

ತುಂಡುಗಳ ನಡುವೆ ಎರಡು ಮಿ.ಮೀ.ನಷ್ಟು ಪ್ಲಾಸ್ಟಿಕ್ ಎಲ್ಲೋ ಉದುರಿಹೋಗಿತ್ತು. ಆ ಸಂದಿಯನ್ನು ಪುಟ್ಟಿಯಿಂದ, ಅಂದರೆ ಎಂ-ಸೀಲ್‌ನಿಂದ ತುಂಬಿದೆ. ಎರಡು ಕಡ್ಡಿಗಳನ್ನು ಸಮಪ್ರಮಾಣದಲ್ಲಿ ಹಿಸುಕಿ, ಒಂದೇ ಬಣ್ಣ ಬರುವವರೆಗೆ ಚೆನ್ನಾಗಿ ನಾದಬೇಕು. ಗೆರೆಗೆರೆಯಾಗಿ ಉಳಿದರೆ ಆ ಗೆರೆಗಳು ಗಟ್ಟಿಯಾಗುವುದೇ ಇಲ್ಲ. ಒದ್ದೆ ಬೆರಳಿನಿಂದ ನೇವರಿಸಿ, ಒಂದು ದಿನ ಬಿಟ್ಟು 220, 400, 600ರ, ಒಂದಕ್ಕಿಂತ ಒಂದು ನಯವಾದ, ವಾಟರ್ ಪೇಪರ್ ಎಂಬ ಉಜ್ಜುಕಾಗದದಿಂದ ನೀರು ಹಾಕಿ ಉಜ್ಜಿದೆ. ಒಣಗಿಸಿ ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇಷ್ಟಾದ ಮೇಲೂ ಕಣ್ಣಿಗೆ ನುಣುಪಾಗಿ ಕಂಡ ಜಾಗ ಬೆರಳಿಗೆ ಏಣಾಗಿ ಸಿಗುತ್ತಿತ್ತು. ಕಣ್ಣು ಮುಚ್ಚಿ ಉಜ್ಜುವುದು ಈ ಕೆಲಸಕ್ಕೆ ಸರಿಯಾದ ಕ್ರಮವೆಂದು ಅಲ್ಲಿಂದ ರೂಢಿ ಮಾಡಿಕೊಂಡೆ.

ಮುಖಪಟ್ಟಿ ತೆಗೆಯುವ ಕೆಲಸದಲ್ಲಿ ಎಡವಿದೆ. ರೋಟರಿ ಟೂಲಿನಿಂದ ಪಟ್ಟಿಯ ಉಬ್ಬನ್ನು ಸವೆಸುತ್ತ ಹೋಗುವಾಗ ದವಡೆಯ ಬಳಿ ಗೋಡೆ ಎಷ್ಟು ತೆಳುವಿದೆಯೆಂಬ ಅಂದಾಜು ತಪ್ಪಿ, ಕಡಲೆಕಾಳಿನಷ್ಟು ತೂತು ಬಿತ್ತು. ತಪ್ಪು ಪೂರ್ತಿಯಾಗಿ ನನ್ನದೇ. ರಾತ್ರಿ ಹನ್ನೊಂದರ ಮೇಲೆ ಯಂತ್ರ ಹಿಡಿಯಬಾರದಿತ್ತು. ಅಸಿಟೇಟು ಅಸಿಟೋನಿನಲ್ಲಿ ಕರಗುವುದರಿಂದ ಇದಕ್ಕೊಂದು ಚೆಂದದ ಪರಿಹಾರವಿದೆ. ಕೆರೆದ ಪುಡಿಯನ್ನು ಎಸೆಯದೆ ಗಾಜಿನ ಸಣ್ಣ ಸೀಸೆಯಲ್ಲಿ ಕೂಡಿಟ್ಟಿದ್ದೆ. ಅದಕ್ಕೆ ಶುದ್ಧ ಅಸಿಟೋನ್ ಬೆರೆಸಿದರೆ ಮಾರನೆಯ ದಿನಕ್ಕೆ ದೋಸೆ ಹಿಟ್ಟಿನ ಹದದ ಪಾಕ ಸಿದ್ಧ. ಅಂಗಡಿಯಲ್ಲಿ ಸಿಗುವ ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧಗಳು ಬೆರೆತಿರುವುದರಿಂದ ಅದು ಬೇಡ. ತೂತಿನ ಒಳಗಿನಿಂದ ಆಸರೆಗೆ ತೆಳುವಾದ ಚೂರೊಂದನ್ನು ಕೊಟ್ಟು, ಆ ಪಾಕವನ್ನು ಪದರ ಪದರವಾಗಿ ಮೂರು ದಿನ ತುಂಬಿದೆ. ಒಣಗಿದಂತೆಲ್ಲ ಅದು ಕುಗ್ಗುವುದರಿಂದ ಅವಸರ ನಡೆಯುವುದಿಲ್ಲ. ಹೀಗೆ ತುಂಬಿದ್ದು ಮೇಲೆ ಮೆತ್ತಿದ ತೇಪೆಯಲ್ಲ, ಮಾದರಿಯದೇ ಮೈ. ಪಟ್ಟಿ ಹೋದ ಜಾಗದಲ್ಲಿ ಮುಖ ಬೋಳಾಗಿ ಕಂಡಿತು. ಕಣ್ಣಿನ ಕೆಳಗಿನಿಂದ ಮುಂದಕ್ಕೆ ಓಡುವ ಕೆನ್ನೆಮೂಳೆಯ ಏಣನ್ನೂ, ಅದರ ಮುಂದೆ ಹಾಯುವ ರಕ್ತನಾಳವನ್ನೂ ಪುಟ್ಟಿಯಿಂದ ಮತ್ತೆ ಎಬ್ಬಿಸಬೇಕಾಯಿತು.

ಗಂಡನ್ನು ಹೆಣ್ಣು ಮಾಡಿದ ವಿವರವನ್ನು ಹೆಚ್ಚು ಬೆಳೆಸುವುದಿಲ್ಲ. ಒಂದು ಅರ, ಹತ್ತು ನಿಮಿಷ, ಆಮೇಲೆ ಎರಡು ಸಣ್ಣ ಮೊಲೆತೊಟ್ಟುಗಳು, ಅಷ್ಟೇ. ಆದರೆ ಗಂಡುತನ ಹೊಟ್ಟೆಯ ಕೆಳಗೆ ಮಾತ್ರ ಇರುವುದಿಲ್ಲ. ಬೀಜದ ಕುದುರೆಯ ಕುತ್ತಿಗೆಯ ಮೇಲೇಣು ದಪ್ಪವಾಗಿ ಕಮಾನಿನಂತೆ ಎದ್ದಿರುತ್ತದೆ. ಗೌರಿಯ ಕುತ್ತಿಗೆ ಸಪುರ, ಹೆಗಲ ಮುಂದೆ ಸಣ್ಣ ತಗ್ಗು ಬೇರೆ. ಮೇಲೇಣಿನಿಂದ ಒಂದೂವರೆ ಮಿ.ಮೀ. ಕೆತ್ತಿದ ಮೇಲೆ, ಅಲ್ಲಿಯ ತನಕ ಯಾರದೋ ಆಗಿದ್ದ ಕುದುರೆ ಮೊದಲ ಬಾರಿಗೆ ಅವಳಂತೆ ಕಂಡಿತು. ಕಿವಿಯ ತುದಿಯನ್ನು ಪುಟ್ಟಿಯಿಂದ ಕಟ್ಟಿದೆ. ಜೂಲಿಗೆ ಪುಟ್ಟಿಯ ತೆಳು ಎಳೆಗಳನ್ನು ಬಲಕ್ಕೆ ಬೀಳುವಂತೆ ಹಾಸಿ ಸೂಜಿಯಿಂದ ಗೀರಿದೆ. ಗೌರಿಯ ಜೂಲು ಹೆಗಲ ಬಳಿ ಒಂದು ಗೇಣಿನಷ್ಟು ಹಟಕ್ಕೆ ಎಡಕ್ಕೆ ಹೊರಳಿಕೊಂಡೇ ಇರುತ್ತದೆ, ಎಷ್ಟು ನೀರು ಹಚ್ಚಿ ಬಾಚಿದರೂ ಅಷ್ಟೇ. ಅದನ್ನೂ ಹಾಗೆಯೇ ಇಟ್ಟೆ.

ಎಡ ಮುಂಗಾಲಿನ ಊತಕ್ಕೆ ಜೂನ್ ತಿಂಗಳ ಎರಡು ವಾರಗಳು ಹೋದವು. ಒಂದು ಮಿಲಿಮೀಟರ್ ಪುಟ್ಟಿಗೆ ಎರಡು ವಾರವೇ ಎಂದು ಕೇಳಬಹುದು. ಕುದುರೆಯ ಕಾಲಿನಲ್ಲಿ ಮಂಡಿಯಿಂದ ಕೆಳಗೆ ಮಾಂಸಖಂಡವೆಂಬುದೇ ಇಲ್ಲ. ಎದುರಿಗೆ ಮೂಳೆ, ಹಿಂದೆ ಒಂದರ ಹಿಂದೊಂದು ಅಂಟಿಕೊಂಡಂತೆ ಇಳಿಯುವ ರಜ್ಜುಗಳು, ಮೇಲೆ ತೆಳು ಚರ್ಮ. ಆರೋಗ್ಯವಂತ ಕಾಲಿನ ಪಕ್ಕದಲ್ಲಿ ಬೆರಳಾಡಿಸಿದರೆ ಈ ಪದರಗಳ ನಡುವಿನ ಸಂದುಗಳು ವೀಣೆಯ ತಂತಿಗಳಂತೆ ಬೇರೆ ಬೇರೆಯಾಗಿ ಸಿಗುತ್ತವೆ. ಅತ್ಯಂತ ಹಿಂದಿನ, ಚರ್ಮಕ್ಕೆ ಹತ್ತಿರದ ರಜ್ಜು ನಾಗಾಲೋಟದಲ್ಲಿ ಅಳತೆ ಮೀರಿ ಎಳೆದುಕೊಂಡಾಗ ಎಳೆಗಳು ಹರಿಯುತ್ತವೆ; ಮಾಗುವಾಗ ಮೊದಲಿನ ಜಿಗುಟಿನ ಎಳೆಗಳ ಬದಲು ಗಾಯದ ಗಟ್ಟಿ ಅಂಗಾಂಶ ತುಂಬಿಕೊಳ್ಳುತ್ತದೆ. ಆದ್ದರಿಂದ ಗೌರಿಯ ಎಡಗಾಲಿನ ನಡುಭಾಗದಲ್ಲಿ ಸಂದುಗಳು ಬೆರಳಿಗೆ ಸಿಗುವುದಿಲ್ಲ, ಎಲ್ಲವೂ ಒಂದೇ ಹುರಿಯಾಗಿ ಕೂಡಿಹೋಗಿದೆ.

ಮೊದಲ ಪ್ರಯತ್ನದಲ್ಲಿ ನಾನು ಮಾಡಿದ್ದು ಊತವನ್ನು ಮಾತ್ರ. ಅಳತೆ ಸರಿಯಿತ್ತು, ದಾರ ಸುತ್ತಿ ನೋಡಿದರೆ 24 ಮಿ.ಮೀ. ಬಂತು, ಬಲಗಾಲು 22. ಆದರೂ ಅದು ಕಾಲಿಗೆ ಪುಟ್ಟಿ ಮೆತ್ತಿದಂತೆಯೇ ಕಂಡಿತು. ಮಾರನೆಯ ಬೆಳಗ್ಗೆ ಲಾಯದಲ್ಲಿ ಗೌರಿಯ ಕಾಲು ಹಿಡಿದು ಕುಳಿತಾಗ ಕಾರಣ ತಿಳಿಯಿತು: ಉಬ್ಬಿನ ಮೇಲಿನ ತುದಿ ಮಂಡಿಯ ಹತ್ತಿರ ನಿಧಾನವಾಗಿ ಆರಂಭವಾಗಿ, ಕೆಳಗಿನ ತುದಿ ಮಾತ್ರ ಥಟ್ಟನೆ ಮುಗಿಯುತ್ತದೆ, ಬದಿಯಲ್ಲಿ ಸಂದು ಮಾಯವಾಗಿರುವ ಉದ್ದವೂ ಉಬ್ಬಿಗಿಂತ ಹೆಚ್ಚು. ಅಂದರೆ ಸೇರಿಸುವುದಕ್ಕಿಂತ ಅಳಿಸುವ ಕೆಲಸ ಮುಖ್ಯ. ಪುಟ್ಟಿಯನ್ನೆಲ್ಲ ಕೆರೆದು ತೆಗೆದು, ಅಚ್ಚಿನಲ್ಲಿ ಕ್ರಿಸ್ ಹೆಸ್ ಅಷ್ಟು ಚೆನ್ನಾಗಿ ಕೊರೆದಿದ್ದ ಸಂದನ್ನು ಮೊದಲು ತುಂಬಿ ಮುಚ್ಚಿ, ಆಮೇಲೆ ಊತವನ್ನು ಮೂರು ತೆಳು ಪದರಗಳಲ್ಲಿ ಎಬ್ಬಿಸಿದೆ. ಮಾದರಿ ಕುದುರೆಗಳ ಪ್ರದರ್ಶನಗಳಲ್ಲಿ ತಳಿವಾರು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಅಂಗರಚನೆಯ ದೋಷ ಕಂಡರೆ ಅಂಕ ಕಳೆಯುತ್ತಾರೆ. ಈ ಕಾಲಿಗೆ ಅಲ್ಲಿ ಯಾವ ಬಹುಮಾನವೂ ಬರಲಾರದು. ನನಗೆ ಅದು ಬೇಕಿರಲಿಲ್ಲ.

ಜೂನ್ ಕೊನೆಗೆ ಬೂದು ಪ್ರೈಮರ್ ಹೊಡೆದಾಗ, ಅದರ ಏಕವರ್ಣದಲ್ಲಿ ಅಡಗಿದ್ದ ಗೀರುಗಳೆಲ್ಲ ಎದ್ದುಬಂದವು. ಮೂರು ಬಾರಿ ಉಜ್ಜಿ ಮೂರು ಬಾರಿ ಹೊಡೆದೆ. ಬಣ್ಣಕ್ಕೆ ನಾನು ಬಳಸುವುದು ಒಣ ಪೇಸ್ಟಲ್ ಕಡ್ಡಿಗಳ ಪುಡಿ. ಕೇಳಿದರೆ ಬಹುತೇಕ ಅಂಗಡಿಗಳಲ್ಲಿ ಮಕ್ಕಳ ಆಯಿಲ್ ಪೇಸ್ಟಲ್ ಕೊಡುತ್ತಾರೆ. ಅದು ಮೇಣದಂಥದ್ದು, ಪುಡಿಯಾಗುವುದಿಲ್ಲ. ಒಣ ಕಡ್ಡಿಯನ್ನು ಬ್ಲೇಡಿನಿಂದ ಕೆರೆದು, ಆ ಪುಡಿಯನ್ನು ಮೆತ್ತನೆಯ ಕುಂಚದಿಂದ ಮೈಗೆ ತಿಕ್ಕಿ, ಹೊಳಪಿಲ್ಲದ ವಾರ್ನಿಷನ್ನು ತೆಳುವಾಗಿ ಸಿಂಪಡಿಸಿ, ಒಣಗಿದ ಮೇಲೆ ಮುಂದಿನ ಪದರ. ಮೊದಲ ಎರಡು ಪದರ ಅಸಹ್ಯವಾಗಿಯೇ ಕಾಣುತ್ತವೆ. ಧೈರ್ಯಗೆಡಬಾರದು.

ಗೌರಿಯ ಬಣ್ಣಕ್ಕೆ ಇಂಗ್ಲಿಷಿನವರು ಬೇ ಎನ್ನುತ್ತಾರೆ, ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಹಿರಿಯ ಸೈಸ್ ಕುಮೈತ್ ಎನ್ನುತ್ತಾರೆ. ಮೈ ಕೆಂಗಂದು, ಜೂಲು, ಬಾಲ, ಕೆಳಗಾಲು, ಕಿವಿಯಂಚು ಕಪ್ಪು. ಮ್ಯಾನ್ ಓ ವಾರ್‌ನಂಥ ಪೂರ್ತಿ ಕೆಂಪು ಕುದುರೆಯಲ್ಲಿ ಕಪ್ಪು ಕೂದಲೇ ಇರುವುದಿಲ್ಲವಾದ್ದರಿಂದ ಹಳೆಯ ಬಣ್ಣವನ್ನು ಗಾಢ ಮಾಡಿದರೆ ಸಾಲದು, ತಳದಿಂದಲೇ ಆರಂಭಿಸಬೇಕು. ಕಂದು ಬಣ್ಣವನ್ನೇ ನೇರವಾಗಿ ಬಳಿದರೆ ಕುದುರೆ ಮಣ್ಣಿನದಾಗುತ್ತದೆ. ಒಳಗಿನಿಂದ ಬೆಳಕು ಬರಬೇಕಾದರೆ ಮೊದಲು ಅರಿಸಿನದತ್ತ ವಾಲಿದ ಯೆಲ್ಲೋ ಓಕರ್, ಅದರ ಮೇಲೆ ಕಿತ್ತಳೆ, ಆಮೇಲೆ ಕೆಂಗಂದಿನ ಬರ್ನ್ಟ್ ಸಿಯೆನ್ನಾ ಮೂರು ಪದರ, ಕೊನೆಗೆ ಬೆನ್ನಿನ ಉದ್ದಕ್ಕೂ ಗಾಢ ಕಂದಿನ ಬರ್ನ್ಟ್ ಅಂಬರ್. ಕಂಕುಳು, ತೊಡೆಯ ಒಳಬದಿ, ಮೂತಿಯ ಸುತ್ತ ಓಕರ್ ಹಾಗೆಯೇ ಇಣುಕುವಂತೆ ಬಿಟ್ಟೆ. ಒಂದು ಬೆಳಗ್ಗೆ ಪುಡಿಯ ಡಬ್ಬಿಗಳನ್ನೇ ಲಾಯಕ್ಕೆ ಒಯ್ದು ಗೌರಿಯ ಪಕ್ಕೆಗೆ ಹಿಡಿದು ನೋಡಿದೆ. ನೆರಳಿನಲ್ಲಿ ಹುರಿಗಡಲೆಯ ಸಿಪ್ಪೆಯ ಬಣ್ಣ, ಬಿಸಿಲಿಗೆ ಬಂದರೆ ಹೊಸ ತಾಮ್ರದ ಚೊಂಬು, ಯಾವುದನ್ನು ಹಿಡಿಯಬೇಕು? ಸದ್ಯಕ್ಕೆ ನೆರಳನ್ನೇ ಆರಿಸಿಕೊಂಡೆ, ನಾನು ಅವಳನ್ನು ಹೆಚ್ಚು ನೋಡುವುದು ಲಾಯದೊಳಗೆ. ಜೂಲಿನ ತುದಿಗಳು ಬಿಸಿಲಿಗೆ ಕೆಂಚಾಗಿರುವುದರಿಂದ ಅಲ್ಲಿ ಕಪ್ಪಿನ ಮೇಲೆ ಸಿಯೆನ್ನಾ ಒರೆಸಿದೆ.

ಒಂಬತ್ತನೆಯ ಪದರದ ಹೊತ್ತಿಗೆ ಜುಲೈ ಮಳೆ ಹಿಡಿದಿತ್ತು. ಗಾಳಿ ತೇವವಾಗಿರುವಾಗ ವಾರ್ನಿಷ್ ಸಿಂಪಡಿಸಬಾರದೆಂದು ಗೊತ್ತಿದ್ದೂ, ಒಂದು ಸಂಜೆ ಮಳೆ ನಿಂತ ಅರ್ಧ ಗಂಟೆಯಲ್ಲಿ ಹೊಡೆದುಬಿಟ್ಟೆ. ಹತ್ತು ನಿಮಿಷದಲ್ಲಿ ಕಪ್ಪು ಕಾಲುಗಳೆಲ್ಲ ಬೂದಿ ಬಳಿದಂತೆ ಬೆಳ್ಳಗಾದವು. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಂಪಾಗಿ, ಗಾಳಿಯ ತೇವ ಅಲ್ಲಿ ಇಬ್ಬನಿಯಂತೆ ಕೂತು ವಾರ್ನಿಷಿನ ಪೊರೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ತಿಂಗಳ ಕೆಲಸವನ್ನು ಅಸಿಟೋನಿನಲ್ಲಿ ಅದ್ದಿಬಿಡಬೇಕೆನ್ನುವಷ್ಟು ಸಿಟ್ಟು ಬಂದಿತ್ತು. ನಾಲ್ಕು ದಿನ ಅಕ್ಕಿ ಡಬ್ಬಿಯ ಪಕ್ಕದ ಒಣ ಕಪಾಟಿನಲ್ಲಿಟ್ಟು, ಬಿಸಿಲು ಬಂದ ಮಧ್ಯಾಹ್ನ ಅದೇ ವಾರ್ನಿಷನ್ನು ತೀರ ತೆಳುವಾಗಿ ಮತ್ತೊಮ್ಮೆ ಹಾಯಿಸಿದಾಗ, ಹೊಸ ದ್ರಾವಕ ಹಳೆಯ ಪೊರೆಯನ್ನು ಕರಗಿಸಿ ಮಂಜು ಮುಕ್ಕಾಲು ಭಾಗ ತಿಳಿಯಾಯಿತು. ಬಲ ಹಿಂಗಾಲಿನಲ್ಲಿ ಉಳಿದದ್ದಕ್ಕೆ ಕಪ್ಪು ಪುಡಿಯನ್ನೇ ಇನ್ನೆರಡು ಪದರ ಕೊಟ್ಟೆ. ಪರಿಣಾಮವಾಗಿ ಬಲ ಹಿಂಗಾಲು ಉಳಿದ ಕಾಲುಗಳಿಗಿಂತ ತುಸು ಗಾಢ. ಕೂಡಿಸಿದ ಜಾಗ ಅದರಡಿ ಪೂರ್ತಿ ಮರೆಯಾದದ್ದು ಆಕಸ್ಮಿಕ ಲಾಭ.

ಬಿಳಿ ಗುರುತುಗಳಿಗೆ ಪೇಸ್ಟಲ್ ಆಗದು, ಅಕ್ರಿಲಿಕ್ ಬೇಕು. ಹಣೆಯ ನಕ್ಷತ್ರ, ಎಡ ಹಿಂಗಾಲಿನ ಕಾಲುಚೀಲದಂಥ ಬಿಳಿ, ಎರಡನ್ನೂ ನೀರು ಬೆರೆಸಿದ ಬಣ್ಣದಲ್ಲಿ ಏಳೆಂಟು ಬಾರಿ ಹಚ್ಚಿದೆ. ದಪ್ಪಗೆ ಒಮ್ಮೆಲೇ ಹಚ್ಚಿದರೆ ಸುಣ್ಣದ ಗೋಡೆಯಾಗುತ್ತದೆ. ಅಂಚಿನಲ್ಲಿ ಕೂದಲು ಕೂದಲಾಗಿ ಎಳೆಯಲು ಮೂರೇ ಎಳೆ ಉಳಿದಿದ್ದ ಕುಂಚ. ಹಣೆಯ ಸುಳಿ ನಕ್ಷತ್ರದ ಮಧ್ಯಕ್ಕಿಂತ ಸ್ವಲ್ಪ ಎಡಕ್ಕಿದೆ. ಸುಳಿ ನೋಡಿ ಕುದುರೆ ಕೊಳ್ಳುವ ನಮ್ಮ ಹಿರಿಯರ ಪದ್ಧತಿಯಲ್ಲಿ ಅದು ಶುಭವೋ ಅಶುಭವೋ ನಾನು ಕೇಳಲು ಹೋಗಿಲ್ಲ. ರೇಸ್ ಕುದುರೆಗಳ ಗುರುತಿನ ಪತ್ರದಲ್ಲಿಯೂ ಸುಳಿಯ ಜಾಗವನ್ನು ಬರೆದಿರುತ್ತಾರೆಂಬುದಷ್ಟೇ ನನಗೆ ಸಾಕು. ನಾಲ್ಕೂ ಕಾಲುಗಳ ಒಳಬದಿಯಲ್ಲಿ, ಮುಂದೆ ಮಂಡಿಯ ಮೇಲೆ, ಹಿಂದೆ ಕೀಲಿನ ಕೆಳಗೆ, ಕೊಂಬಿನಂಥ ಒರಟು ಮಚ್ಚೆಗಳಿರುತ್ತವೆ. ಮಾದರಿ ಬಳಿಯುವವರು ಮರೆಯುವುದು ಇವನ್ನೇ. ನಾನು ಮಾಲೀಸು ಮಾಡುವಾಗ ಬ್ರಷ್ ಪ್ರತಿ ಸಲ ಇವಕ್ಕೆ ತಡೆಯುವುದರಿಂದ ಮರೆಯುವ ಹಾಗಿಲ್ಲ. ಕಣ್ಣು ಗಾಢ ಕಂದು, ಪಾಪೆ ಅಡ್ಡಲಾಗಿ. ಬಿಳಿ ಕಾಲಿನ ಗೊರಸು ಮೇಣದ ಬಣ್ಣ, ಕಪ್ಪು ಕಾಲುಗಳದು ಕಲ್ಲಿದ್ದಲು. ಗೊರಸುಗಳ ಹೊರಗೋಡೆಯಲ್ಲಿ ಲಾಳದ ಮೊಳೆ ಮಡಚಿದ ಚುಕ್ಕೆಗಳನ್ನು ಬೆಳ್ಳಿ ಬಣ್ಣದಲ್ಲಿ, ಗೊರಸಿಗೆ ಆರರಂತೆ, ಭೂತಗನ್ನಡಿಯಡಿ ಇಟ್ಟೆ. ಅದಕ್ಕೆ ಒಂದು ಇಡೀ ಶನಿವಾರ ಹಿಡಿಯಿತು, ಅದರ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಆಗಸ್ಟ್ ಮೊದಲ ವಾರ ಮಾದರಿಯನ್ನು ಅದೇ ಟವೆಲಿನಲ್ಲಿ ಸುತ್ತಿ ಲಾಯಕ್ಕೆ ಒಯ್ದೆ. ಹಿರಿಯ ಸೈಸ್ ಹುರುಳಿ ಬೇಯಿಸುತ್ತಿದ್ದರು. ಕೈ ಒರೆಸಿಕೊಂಡು ಮಾದರಿಯನ್ನು ಎತ್ತಿಕೊಂಡವರು ಮುಖ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಎಡ ಮುಂಗಾಲಿನ ಹಿಂದೆ ಹೆಬ್ಬೆರಳು ತೋರುಬೆರಳು ಇಟ್ಟು, ಮಂಡಿಯಿಂದ ಕೆಳಕ್ಕೆ ಮೆಲ್ಲಗೆ ಎಳೆದರು. ಗೌರಿಯ ಕಾಲು ಬಿಸಿಯಿದೆಯೇ ಎಂದು ಪ್ರತಿ ಬೆಳಗ್ಗೆ ನೋಡುವುದು ಹೀಗೆಯೇ.

"ಇದು ಸರಿ ಮಾಡಿದ್ದೀರ ಮೇಡಂ," ಎಂದರು. ಆಮೇಲೆ ತಲೆಕೆಳಗು ಮಾಡಿ ಗೊರಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. "ಹಿಂದಕ್ಕೆ ಲಾಳ ಯಾಕೆ ಹೊಡೆದ್ರಿ? ಓಡೋದು ಬಿಟ್ಟ ಮೇಲೆ ಇವಳಿಗೆ ಮುಂದಕ್ಕೆ ಮಾತ್ರ ಅಲ್ವಾ."

ಆರು ವರ್ಷ ಆ ಹಿಂಗಾಲುಗಳನ್ನು ಎತ್ತಿ, ಗೊರಸಿನೊಳಗಿನ ಸಗಣಿ ಮಣ್ಣು ಕೆರೆದವಳು ನಾನು. ಮನೆಗೆ ಬಂದು, ಹಿಂದಿನ ಎರಡು ಗೊರಸುಗಳ 12 ಚುಕ್ಕೆಗಳನ್ನು 600ರ ಕಾಗದದ ಚೂರಿನಿಂದ ಉಜ್ಜಿ ತೆಗೆದೆ. ಲಾಳವಿಲ್ಲದ ಗೊರಸಿನ ಅಂಚು ಅಲ್ಲಲ್ಲಿ ಸಣ್ಣಗೆ ಚಕ್ಕೆಯೆದ್ದಿರುತ್ತದೆ. ಬ್ಲೇಡಿನ ಮೊನೆಯಿಂದ ಮೂರು ಕಡೆ ಹಾಗೆ ಮಾಡಿ, ಮತ್ತೆ ಬಣ್ಣ ಕೊಟ್ಟು, ಮಳೆಯಿಲ್ಲದ ಬುಧವಾರ ಮಧ್ಯಾಹ್ನ ಕೊನೆಯ ವಾರ್ನಿಷ್ ಹೊಡೆದೆ. ಕಣ್ಣುಗಳಿಗೆ ಮಾತ್ರ ಹೊಳಪಿನ ವಾರ್ನಿಷಿನ ಒಂದೊಂದು ಹನಿ ಬಾಕಿ ಇತ್ತು. ಅದನ್ನು ಕಡ್ಡಿಯ ತುದಿಯಿಂದ ಇಟ್ಟದ್ದು ಗುರುವಾರ ಬೆಳಗ್ಗೆ, ಲಾಯಕ್ಕೆ ಹೊರಡುವ ಮುಂಚೆ.